ಹುಳಿಮಣ್ಣಿಗೆ ಇದ್ದಲು: ಸುಡುಮಣ್ಣಿನಿಂದ ಬಯೋಚಾರ್‌ವರೆಗೆ

(ಬೆಳ್ಮಣ್ಣಿನಲ್ಲಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ನಂದಿಕೂರು ದಾಟಿ ಬೆಳ್ಮಣ್ಣಿಗೆ ಬರುವಾಗ, ಗುಡ್ಡ ಕಡಿದಲ್ಲೆಲ್ಲ ಮುರಕಲ್ಲಿನ ಕೆಂಪು ಗೋಡೆ ಕಣ್ಣಿಗೆ ಬೀಳುತ್ತದೆ. ಹೆಸರಿನಲ್ಲಿಯೇ ಮಣ್ಣನ್ನು ಹೊತ್ತುಕೊಂಡಿರುವ ಈ ಊರಿನಲ್ಲಿ ಮಣ್ಣಿನ ವಿಷಯವಾಗಿಯೇ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದೀರಿ. ಇತ್ತೀಚೆಗೆ ಎಲ್ಲ ಕಡೆ ಹೆಸರು ಕೇಳಿಬರುತ್ತಿರುವ ಬಯೋಚಾರ್ ನಮ್ಮ ತೋಟ ಗದ್ದೆಗಳಿಗೆ ಎಷ್ಟರಮಟ್ಟಿಗೆ ಉಪಯೋಗ, ಎಷ್ಟರಮಟ್ಟಿಗೆ ಬರೀ ಸುದ್ದಿ ಎಂಬುದನ್ನು ಲೆಕ್ಕ ಹಾಕಿ ನೋಡೋಣ.

ಬಯೋಚಾರ್ ಎಂದರೆ ಬೇರೇನೂ ಅಲ್ಲ, ಮಣ್ಣಿಗೆ ಹಾಕುವುದಕ್ಕಾಗಿ ಮಾಡಿದ ಇದ್ದಲು. ಒಣಗಿದ ಗೆಲ್ಲು, ಗೆರಟೆ, ಸಿಪ್ಪೆ, ಉಮಿ ಮುಂತಾದ ಸಾವಯವ ಪದಾರ್ಥವನ್ನು ಗಾಳಿ ಸಾಕಷ್ಟು ಸಿಗದಂತೆ 350ರಿಂದ 700 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯಿಸಿದರೆ, ಅದರಲ್ಲಿರುವ ನೀರು ಮತ್ತು ಅನಿಲಗಳು ಹೊರಟುಹೋಗಿ ಕಪ್ಪು ಇಂಗಾಲ ಉಳಿಯುತ್ತದೆ. ಗಾಳಿ ಧಾರಾಳವಾಗಿ ಸಿಕ್ಕಿದರೆ ಆ ಇಂಗಾಲವೂ ಉರಿದುಹೋಗಿ ಬಿಳಿ ಬೂದಿ ಉಳಿಯುತ್ತದೆ. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶ ಇದೆ, ಆದರೆ ಮೊದಲ ಎರಡು ಮಳೆಗೆ ಅದರ ಹೆಚ್ಚಿನ ಪಾಲು ತೊಳೆದುಹೋಗುತ್ತದೆ. ಇದ್ದಲು ಹಾಗಲ್ಲ. ಅದು ಸಣ್ಣ ಸಣ್ಣ ರಂಧ್ರಗಳಿಂದ ಕೂಡಿದ ವಸ್ತು, ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಬೇಗನೆ ಕೊಳೆಯುವುದೂ ಇಲ್ಲ. ಬೂದಿಗೂ ಇದ್ದಲಿಗೂ ಇರುವ ಈ ವ್ಯತ್ಯಾಸ ತಿಳಿದರೆ ಈ ಹೊತ್ತಿನ ಅರ್ಧ ಪಾಠ ಮುಗಿದಂತೆ.

ನಾನು ಇಷ್ಟು ಹೇಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು, "ಇದು ನಮ್ಮ ಸುಡುಮಣ್ಣೇ ಅಲ್ಲವಾ ಮಾರಾಯ್ರೆ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಕರಾವಳಿಯ ಮನೆಗಳಲ್ಲಿ ತರಗೆಲೆ, ಕಸಕಡ್ಡಿ, ಸಣ್ಣ ಗೆಲ್ಲುಗಳನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಬೆಂಕಿ ಕೊಟ್ಟು, ಒಳಗೊಳಗೇ ದಿನಗಟ್ಟಲೆ ಕನಲುವಂತೆ ಬಿಟ್ಟು ಸುಡುಮಣ್ಣು ಮಾಡುವುದು ಹಿಂದಿನಿಂದ ಬಂದ ಕ್ರಮ. ಅದನ್ನು ಬಸಳೆಯ ಬುಡಕ್ಕೆ, ಮಲ್ಲಿಗೆ ಗಿಡಕ್ಕೆ, ತರಕಾರಿ ಸಾಲಿಗೆ ಹಾಕುತ್ತಾರೆ. ಒಳ್ಳೆಯ ಸುಡುಮಣ್ಣನ್ನು ಅಂಗೈಯಲ್ಲಿ ಹರಡಿ ನೋಡಿದರೆ ಅದರಲ್ಲಿ ಮೂರು ವಸ್ತುಗಳು ಕಾಣುತ್ತವೆ: ಬೂದಿ, ಸುಟ್ಟ ಮಣ್ಣು ಮತ್ತು ಇದ್ದಲಿನ ಕಪ್ಪು ಚೂರು. ಈ ಮೂರನೆಯದೇ ಬಯೋಚಾರ್. ಆದ್ದರಿಂದ ಹಿರಿಯರ ಮಾತು ಅರ್ಧ ಸರಿ.

ಉಳಿದ ಅರ್ಧವನ್ನೂ ಹೇಳಬೇಕಾಗುತ್ತದೆ. ಸುಡುಮಣ್ಣು ಮಾಡುವಾಗ ಕಳೆಯ ಬೀಜ, ಹುಳು, ಗೊಬ್ಬರದ ಹುಳುವಿನ ಮೊಟ್ಟೆ ಸಾಯುತ್ತವೆ, ಪೊಟ್ಯಾಷ್ ಗಿಡಕ್ಕೆ ಕೂಡಲೇ ಸಿಗುವಂತಾಗುತ್ತದೆ. ಆದರೆ ಅದರ ಜೊತೆಗೆ, ನಾವು ಕೆರೆದು ತಂದ ಮೇಲ್ಮಣ್ಣಿನಲ್ಲಿದ್ದ ಸಾವಯವ ಅಂಶವೂ ಸಾರಜನಕವೂ ಸುಟ್ಟುಹೋಗುತ್ತವೆ. ಬೆಂಕಿ ಜೋರಾದರೆ ಜೇಡಿ ಅಂಶ ಇಟ್ಟಿಗೆಯಂತೆ ಗಟ್ಟಿಯಾಗಿ ಯಾವ ಪ್ರಯೋಜನಕ್ಕೂ ಬಾರದಂತಾಗುತ್ತದೆ. ಮರದ ಬುಡದಲ್ಲಿ ಹೊದಿಕೆಯಾಗಿ ಇರಬೇಕಾದ ತರಗೆಲೆಯೂ ಹೊಗೆಯಾಗಿ ಹೋಗುತ್ತದೆ. ಮಣ್ಣನ್ನು ಸುಡದೆ ಇದ್ದಲನ್ನು ಮಾತ್ರ ಪಡೆಯುವುದು ಸಾಧ್ಯವಿರುವಾಗ ಮಣ್ಣನ್ನು ಏಕೆ ಸುಡಬೇಕು?

ಈಗ ನಮ್ಮ ಮಣ್ಣಿನ ಕಡೆಗೆ ಬರೋಣ. ಕಾರ್ಕಳ, ಕಾಪು, ಉಡುಪಿ ತಾಲ್ಲೂಕುಗಳಲ್ಲಿ ವರ್ಷಕ್ಕೆ 4000 ಮಿಲಿಮೀಟರಿನಷ್ಟು, ಘಟ್ಟದ ಬುಡಕ್ಕೆ ಹೋದಂತೆ ಅದಕ್ಕೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಸಾವಿರಾರು ವರ್ಷಗಳಿಂದ ಹೀಗೆ ತೊಳೆದುಕೊಂಡು ಬಂದ ಮಣ್ಣಿನಿಂದ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಹೊಳೆ ಸೇರಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಂಡಿವೆ. ಹಾಗಾಗಿ ಮಣ್ಣು ಹುಳಿ. ನಾವು ಹಾಕುವ ರಂಜಕವನ್ನು ಈ ಕಬ್ಬಿಣ, ಅಲ್ಯೂಮಿನಿಯಂ ಹಿಡಿದು ಕಟ್ಟಿಹಾಕುತ್ತವೆ. ಸಾರಜನಕವೂ ಪೊಟ್ಯಾಷೂ ನಿಲ್ಲುವುದಿಲ್ಲ, ಯೂರಿಯಾ ಎರಚಿದ ಸಂಜೆ ದೊಡ್ಡ ಮಳೆ ಬಂದರೆ ಅದರ ಗತಿ ಏನೆಂದು ನಿಮಗೆ ಗೊತ್ತಿದೆ. ಸೊಪ್ಪು, ಹಟ್ಟಿಗೊಬ್ಬರ ಹಾಕಿದರೂ ಈ ಸೆಕೆ ಮತ್ತು ತೇವದಲ್ಲಿ ಬೇಗ ಕೊಳೆತು ಮುಗಿಯುತ್ತದೆ. ವರ್ಷ ವರ್ಷವೂ ಗುಡ್ಡದಿಂದ ಸೊಪ್ಪು ಹೊತ್ತು ತರುವ ಕೆಲಸ ಇಲ್ಲಿ ತಪ್ಪಿದ್ದೇ ಇಲ್ಲ.

ಇಂತಹುದೇ ಮಳೆ, ಇಂತಹುದೇ ಬಡಕಲು ಆಮ್ಲ ಮಣ್ಣು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸುತ್ತಲೂ ಇದೆ. ಅದರ ನಡುವೆ ಅಲ್ಲಲ್ಲಿ ತೇಪೆ ಹಾಕಿದಂತೆ ಕಪ್ಪು, ಫಲವತ್ತಾದ ಮಣ್ಣು ಸಿಗುತ್ತದೆ. ಹಾಲೆಂಡಿನ ಮಣ್ಣು ವಿಜ್ಞಾನಿ ವಿಮ್ ಸೋಂಬ್ರೂಕ್ 1966ರಲ್ಲಿ ಪ್ರಕಟಿಸಿದ ಅಮೆಜಾನ್ ಮಣ್ಣುಗಳ ಕುರಿತ ಗ್ರಂಥದಲ್ಲಿ ಈ ಕಪ್ಪು ಮಣ್ಣಿನ ವಿವರ ಕೊಟ್ಟರು. ಅಲ್ಲಿನ ಮೂಲನಿವಾಸಿಗಳು ತಮ್ಮ ವಾಸಸ್ಥಳದ ಸುತ್ತ ನೂರಾರು ವರ್ಷ ಸೇರಿಸುತ್ತ ಬಂದ ಇದ್ದಲಿನಿಂದ ಆ ಬಣ್ಣ ಬಂದಿದೆ. ಇದನ್ನು ಓದಿ ಜಗತ್ತಿನಲ್ಲಿ ಬಹಳ ಜನ ಇದ್ದಲಿನ ಹಿಂದೆ ಬಿದ್ದರು. ಆದರೆ ಆ ಮಣ್ಣಿನಲ್ಲಿ ಇದ್ದಲು ಒಂದೇ ಇಲ್ಲ. ಮೀನಿನ ಮುಳ್ಳು, ಮೂಳೆ, ಅಡಿಗೆಮನೆಯ ಕಸ, ಮಲಮೂತ್ರ, ಮಡಕೆ ಚೂರು ಎಲ್ಲ ಇವೆ. ಸಾರ ಬಂದದ್ದು ಇವುಗಳಿಂದ. ಆ ಸಾರ ಮಳೆಗೆ ತೊಳೆದುಹೋಗದಂತೆ ಹಿಡಿದಿಟ್ಟದ್ದು ಇದ್ದಲು. ಒಟ್ಟಿನಲ್ಲಿ, ಇದ್ದಲು ಗೊಬ್ಬರವಲ್ಲ, ಗೊಬ್ಬರವನ್ನು ಇಡುವ ಕಣಜ. ಖಾಲಿ ಕಣಜವನ್ನು ಗದ್ದೆಗೆ ಹೊತ್ತು ಹಾಕಿದರೆ ಅದು ಮೊದಲು ಮಾಡುವ ಕೆಲಸ, ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾನೇ ತುಂಬಿಕೊಳ್ಳುವುದು. ಹಸಿ ಇದ್ದಲು ಹಾಕಿ "ಗಿಡ ಹಳದಿಯಾಯಿತು" ಎಂದು ದೂರು ತರುವವರ ಕಥೆ ಹೆಚ್ಚಾಗಿ ಇದೇ.

ಇಳುವರಿಯ ಮಾತು ಬಂದಾಗ ವಿಸ್ತರಣಾ ಕಾರ್ಯಕರ್ತರು ಎಚ್ಚರ ವಹಿಸತಕ್ಕದ್ದು. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ ಉಷ್ಣವಲಯದ ಮಣ್ಣುಗಳಲ್ಲಿ ಸರಾಸರಿ ಶೇಕಡಾ 25ರಷ್ಟು ಇಳುವರಿ ಹೆಚ್ಚಿತ್ತು, ಶೀತ ದೇಶಗಳಲ್ಲಿ ಹೆಚ್ಚಳವೇ ಇರಲಿಲ್ಲ. ಆಮ್ಲ ಮಣ್ಣು, ಬಡ ಮಣ್ಣು ಇರುವಲ್ಲಿ ಲಾಭ ಎಂಬುದು ಇದರ ತಾತ್ಪರ್ಯ. ನಮಗೆ ಸಂತೋಷದ ಸುದ್ದಿಯೇ. ಆದರೆ ಆ ಪ್ರಯೋಗಗಳಲ್ಲಿ ಹಾಕಿದ್ದು ಹೆಕ್ಟೇರಿಗೆ ಸುಮಾರು 15 ಟನ್, ಅಂದರೆ ಎಕರೆಗೆ 6 ಟನ್. ನಾಲ್ಕು ಪಾಲು ಒಣ ಪದಾರ್ಥ ಸುಟ್ಟರೆ ಒಂದು ಪಾಲು ಇದ್ದಲು ಸಿಗುತ್ತದೆ ಎಂದು ಹಿಡಿದರೂ ಒಂದು ಎಕರೆಗೆ 24 ಟನ್ ಒಣ ಪದಾರ್ಥ ಬೇಕು. ಒಂದು ಎಕರೆ ಏಣೆಲು ಬೆಳೆಯಲ್ಲಿ ಬೈಹುಲ್ಲು ಎರಡು ಟನ್ ಬಂದರೆ ದೊಡ್ಡದು, ಅದೂ ಹಟ್ಟಿಯ ದನಗಳ ಪಾಲು. ಅಡಿಕೆ ಸಿಪ್ಪೆ, ತೆಂಗಿನ ಮಡಲು ಬಚ್ಚಲು ಒಲೆಗೆ ಬೇಕು. ಸೋಗೆ ತೋಟದ ಹೊದಿಕೆಗೆ ಬೇಕು. ಹಾಗಾದರೆ 24 ಟನ್ ಎಲ್ಲಿಂದ? ಹಾಡಿಯ ಮರದ ಮೇಲೆ ಕಣ್ಣು ಹಾಕಬೇಕಷ್ಟೆ. ಅದು ಕಾನೂನಿಗೂ ವಿರೋಧ, ಮಣ್ಣು ಉಳಿಸುವ ಉದ್ದೇಶಕ್ಕೂ ವಿರೋಧ. ಅಂಗಡಿಯಿಂದ ಚೀಲ ಕೊಂಡು ತಂದು ಗದ್ದೆಗೆ ಎರಚಿದರೆ ಭತ್ತದ ಬೆಲೆಯಲ್ಲಿ ಆ ಖರ್ಚು ಹುಟ್ಟುವುದಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟೇ. ಎಕರೆಯ ಲೆಕ್ಕ ಬಿಡಿ, ಗುಂಡಿಯ ಲೆಕ್ಕ ಹಿಡಿಯಿರಿ. ಮನೆಯಲ್ಲಿ ಈಗ ಯಾವುದು ಸುಮ್ಮನೆ ಉರಿದು ಬೂದಿಯಾಗುತ್ತಿದೆಯೋ ಅಥವಾ ಬೇಲಿ ಬದಿಯಲ್ಲಿ ರಾಶಿ ಬಿದ್ದಿದೆಯೋ ಅದರಿಂದ ಮಾತ್ರ ಇದ್ದಲು ಮಾಡಿ, ಗಿಡದ ಬುಡಕ್ಕೆ, ನೆಡುವ ಗುಂಡಿಗೆ, ಸಸಿ ಚೀಲಕ್ಕೆ, ಹಟ್ಟಿಗೆ ಉಪಯೋಗಿಸಿ. ಗೇರು ಮರದ ಸವರಿದ ಗೆಲ್ಲು, ಬೇಲಿ ಕಡಿದ ಕಡ್ಡಿ, ಒಣಗಿದ ಕೊಕ್ಕೋ ಸಿಪ್ಪೆ, ರೋಗ ಬಂದು ಸತ್ತ ಅಡಿಕೆ ಮರ, ಒಲೆಗೆ ಹೆಚ್ಚಾಗಿ ಉಳಿದ ಸಿಪ್ಪೆ, ಇವು ಸಾಕು.

ತೆಂಗಿನ ಗೆರಟೆಯ ವಿಷಯ ಬೇರೆ. ಸಾವಿರ ಕಾಯಿಯ ಗೆರಟೆಯಿಂದ ಸುಮಾರು 35 ಕಿಲೋ ಇದ್ದಲು ಸಿಗುತ್ತದೆ, ಒಂದು ಟನ್ ಇದ್ದಲಿಗೆ ಮೂವತ್ತು ಸಾವಿರ ಗೆರಟೆ ಬೇಕು. ಗೆರಟೆ ಇದ್ದಲನ್ನು ಹಬೆಯಲ್ಲಿ ಮತ್ತೆ ಹೆಚ್ಚಿನ ಉಷ್ಣತೆಗೆ ಕಾಯಿಸಿ ಕ್ರಿಯಾಶೀಲ ಇಂಗಾಲ ಎಂಬ ವಸ್ತುವನ್ನು ತಯಾರಿಸುತ್ತಾರೆ. ಕುಡಿಯುವ ನೀರಿನ ಶುದ್ಧೀಕರಣ, ಚಿನ್ನದ ಗಣಿ, ಔಷಧ ತಯಾರಿಕೆ, ಅನಿಲದ ಮುಖವಾಡ ಎಲ್ಲಕ್ಕೂ ಅದು ಬೇಕು. ಹಿಂದೆ ಇಸ್ತ್ರಿ ಪೆಟ್ಟಿಗೆಗೆ ಹಾಕುತ್ತಿದ್ದ ಅದೇ ಗೆರಟೆ ಇದ್ದಲಿಗೆ ಇಂದು ಕಾರ್ಖಾನೆಯ ಬೇಡಿಕೆ ಇದೆ. ಒಳ್ಳೆಯ ಬೆಲೆ ಬಂದರೆ ಗೆರಟೆಯನ್ನು ಮಾರಿ, ಗೆಲ್ಲು ಕಡ್ಡಿಯ ಇದ್ದಲನ್ನು ಮಣ್ಣಿಗೆ ಹಾಕುವುದೇ ಜಾಣತನ. ಮಣ್ಣಿಗೆ ಗೆರಟೆಯೇ ಆಗಬೇಕೆಂದಿಲ್ಲ.

ಇದ್ದಲು ಮಾಡುವ ಕ್ರಮಗಳಲ್ಲಿ ಖರ್ಚಿಲ್ಲದ್ದು ಗುಂಡಿಯ ಕ್ರಮ. ಬಾಣಲೆಯ ಆಕಾರದಲ್ಲಿ, ಮೇಲೆ ನಾಲ್ಕು ಅಡಿ ಅಗಲ, ನಡುವೆ ಎರಡೂವರೆ ಅಡಿ ಆಳ ಇರುವಂತೆ ಗುಂಡಿ ತೋಡಿ. ತಳದಲ್ಲಿ ಒಣ ಕಡ್ಡಿಗಳನ್ನು ಪೇರಿಸಿ ಮೇಲಿನಿಂದ ಬೆಂಕಿ ಕೊಡಿ, ಕೆಳಗಿನಿಂದ ಅಲ್ಲ. ಜ್ವಾಲೆ ಚೆನ್ನಾಗಿ ಎದ್ದು, ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕಾಣತೊಡಗಿದ ಕೂಡಲೇ ಮುಂದಿನ ಪದರ ಹಾಕಿ. ಮೇಲಿನ ಜ್ವಾಲೆಯೇ ಗಾಳಿಯನ್ನು ತಿಂದುಬಿಡುವುದರಿಂದ ಕೆಳಗಿನ ಕೆಂಡ ಬೂದಿಯಾಗದೆ ಇದ್ದಲಾಗಿ ಉಳಿಯುತ್ತದೆ, ಹೊಗೆಯೂ ಆ ಜ್ವಾಲೆಯಲ್ಲೇ ಉರಿದುಹೋಗುತ್ತದೆ. ಹೊಗೆ ಜಾಸ್ತಿ ಬಂದರೆ ಪದಾರ್ಥ ಹಸಿ ಇದೆ ಅಥವಾ ಒಮ್ಮೆಲೇ ಹೆಚ್ಚು ಹಾಕಿದ್ದೀರಿ ಎಂದರ್ಥ. ಮಣಿಕಟ್ಟಿಗಿಂತ ದಪ್ಪದ ಕಟ್ಟಿಗೆ ಬೇಡ. ಗುಂಡಿ ತುಂಬಿದ ಮೇಲೆ ನೀರು ಹೊಯ್ದು ಪೂರ್ತಿ ಆರಿಸಬೇಕು. ಸಗಣಿ ನೀರಾದರೆ ಇನ್ನೂ ಒಳ್ಳೆಯದು. ಬಿಸಿ ಹಬೆ ಮೇಲೇಳುವುದರಿಂದ ಗಾಳಿ ಬೀಸುವ ಬದಿಯಲ್ಲಿ ದೂರ ನಿಂತು ಹೊಯ್ಯಿರಿ. ನೀರಿಗೆ ತತ್ವಾರವಿದ್ದರೆ ಮೇಲೆ ಹಸಿ ಮಣ್ಣು ಮುಚ್ಚಿ ಗಾಳಿ ಆಡದಂತೆ ಮಾಡಬಹುದು, ಆದರೆ ಅದು ಆರಲು ಒಂದೆರಡು ದಿನ ಹಿಡಿಯುತ್ತದೆ.

ಇನ್ನೊಂದು, ಡ್ರಮ್ಮಿನ ಕ್ರಮ. ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆಯವರು 200 ಲೀಟರಿನ ಕಬ್ಬಿಣದ ಡ್ರಮ್ಮಿನಿಂದ ಸರಳವಾದ ಗೂಡನ್ನು ರೂಪಿಸಿದ್ದಾರೆ. ತಳದಲ್ಲಿ ಗಾಳಿಗೆ ರಂಧ್ರ, ಮೇಲೆ ತುಂಬುವ ಬಾಯಿ. ಹೊಗೆ ತೆಳ್ಳಗಾಗಿ ನೀಲಿ ಬಣ್ಣಕ್ಕೆ ತಿರುಗಿದಾಗ ಮುಚ್ಚಳ ಹಾಕಿ, ಎಲ್ಲ ಸಂದುಗಳನ್ನೂ ಮಣ್ಣಿನಿಂದ ಮೆತ್ತಿ ಆರಲು ಬಿಡುವುದು. ಕೀಟನಾಶಕ ಅಥವಾ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಮಾತ್ರ ಯಾವ ಕಾರಣಕ್ಕೂ ಉಪಯೋಗಿಸಬಾರದು.

ಬೆಂಕಿಯ ಕೆಲಸ ಎಂಬುದನ್ನು ಮರೆಯಬೇಡಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಗುಡ್ಡದ ಮುಳಿಹುಲ್ಲು ಕಿಡಿ ಬಿದ್ದರೆ ಸಾಕು ಎಂಬಂತೆ ಒಣಗಿರುತ್ತದೆ, ಬಾವಿಯಲ್ಲಿ ನೀರೂ ಇಳಿದಿರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಈ ಕೆಲಸಕ್ಕೆ ಹದವಾದ ಕಾಲ. ಸುತ್ತ ಹತ್ತು ಹೆಜ್ಜೆ ಹುಲ್ಲು ಕೆರೆದು, ಎರಡು ಕೊಡ ನೀರು ಹತ್ತಿರ ಇಟ್ಟುಕೊಂಡೇ ಬೆಂಕಿ ಕೊಡತಕ್ಕದ್ದು. ಆರಿತೆಂದು ತಿಳಿದ ಇದ್ದಲು ರಾತ್ರಿ ಮತ್ತೆ ಹೊತ್ತಿಕೊಳ್ಳುವುದುಂಟು. ಮಾಡಿದ ದಿನವೇ ಗೋಣಿಚೀಲಕ್ಕೆ ತುಂಬಿ ಹುಲ್ಲಿನ ಕೊಟ್ಟಿಗೆಯಲ್ಲಿ ಇಟ್ಟವರು ಕೊಟ್ಟಿಗೆಯನ್ನೇ ಕಳೆದುಕೊಂಡಾರು. ಮುಚ್ಚಿದ ಕೋಣೆಯೊಳಗೆ ಇದ್ದಲು ಸುಡಬಾರದು, ಅದರ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಲ್ಲಿ ಗೇರುಬೀಜದ ಕಾರ್ಖಾನೆಗಳಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಗೇರು ಚಿಪ್ಪನ್ನು ಮನೆಯ ಗುಂಡಿಯಲ್ಲಿ ಸುಡಬೇಡಿ. ಅದರ ಎಣ್ಣೆ ಚರ್ಮ ಸುಡುವಂಥದ್ದು, ಹೊಗೆಯೂ ಕಣ್ಣು ಗಂಟಲಿಗೆ ಕಷ್ಟ.

ಆರಿದ ಇದ್ದಲನ್ನು ಒದ್ದೆ ಇರುವಾಗಲೇ ಗೋಣಿಯ ನಡುವೆ ಹಾಕಿ ಬಡಿದು ಹೆಸರುಕಾಳು, ಕಡಲೆಕಾಳಿನ ಗಾತ್ರಕ್ಕೆ ಪುಡಿ ಮಾಡಿ. ಒಣಗಿದಾಗ ಬಡಿದರೆ ಮಸಿಯ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅನಂತರ ಕಣಜವನ್ನು ತುಂಬುವ ಕೆಲಸ. ಒಂದು ಬುಟ್ಟಿ ಇದ್ದಲಿಗೆ ಎರಡು ಬುಟ್ಟಿ ಹಟ್ಟಿಗೊಬ್ಬರ ಬೆರೆಸಿ, ಗಂಜಲ ಅಥವಾ ಸ್ಲರಿ ಚಿಮುಕಿಸಿ, ನೆರಳಿನಲ್ಲಿ ಮೂರು ನಾಲ್ಕು ವಾರ ಬಿಡಿ. ನಡುವೆ ಒಮ್ಮೆ ಮಗುಚಿ ಹಾಕಿ.

ಇದಕ್ಕಿಂತಲೂ ಸುಲಭದ ದಾರಿ ನಮ್ಮ ಕರಾವಳಿಯಲ್ಲಿ ಸಿದ್ಧವಾಗಿಯೇ ಇದೆ, ಅದು ಹಟ್ಟಿ. ನಾವು ಹಟ್ಟಿಗೆ ಸೊಪ್ಪು ತರಗೆಲೆ ಹಾಸುವವರು. ಆ ಹಾಸಿನ ಮೇಲೆ ವಾರಕ್ಕೆ ಒಂದೆರಡು ಬುಟ್ಟಿ ಇದ್ದಲಿನ ಪುಡಿ ಎರಚಿದರೆ ಅದು ಗಂಜಲವನ್ನು ಹೀರಿಕೊಳ್ಳುತ್ತದೆ. ಹಟ್ಟಿಯಲ್ಲಿ ಮೂಗಿಗೆ ಹೊಡೆಯುವ ಆ ಘಾಟು ಅಮೋನಿಯಾ, ಅಂದರೆ ಗಾಳಿಗೆ ಹೋಗುತ್ತಿರುವ ನಿಮ್ಮ ಸಾರಜನಕ. ಅದರ ಒಂದು ಪಾಲನ್ನು ಇದ್ದಲು ಹಿಡಿದಿಡುತ್ತದೆ. ಬೇರೆ ಕೂಲಿ ಇಲ್ಲ, ಬೇರೆ ಗುಂಡಿ ಇಲ್ಲ. ಗೊಬ್ಬರ ತೆಗೆಯುವಾಗ ತುಂಬಿದ ಇದ್ದಲು ತಾನಾಗಿ ತೋಟಕ್ಕೆ ಹೋಗುತ್ತದೆ. ದನ ಇರುವ ಮನೆಯವರು ಇದೊಂದನ್ನೇ ಮಾಡಿದರೂ ಸಾಕೆಂದು ನನ್ನ ಅಭಿಪ್ರಾಯ.

ಪ್ರಮಾಣದ ವಿಷಯ. ಅಡಿಕೆ ಅಥವಾ ತೆಂಗಿನ ಸಸಿ ನೆಡುವ ಗುಂಡಿಗೆ ಮೇಲ್ಮಣ್ಣು ಮತ್ತು ಗೊಬ್ಬರದ ಜೊತೆ ಎರಡು ಮೂರು ಕಿಲೋ. ಕಾಳುಮೆಣಸು, ಗೇರು ಕಸಿ ಮುಂತಾದ ಸಸಿಗಳ ಚೀಲದ ಮಿಶ್ರಣದಲ್ಲಿ ಹತ್ತು ಬುಟ್ಟಿಗೆ ಒಂದು ಬುಟ್ಟಿ, ಅದಕ್ಕಿಂತ ಹೆಚ್ಚು ಬೇಡ. ಶಂಕರಪುರ, ಶಿರ್ವ ಕಡೆಯ ಮಲ್ಲಿಗೆ ಬೆಳೆಗಾರರಿಗೆ ಇದು ವಿಶೇಷವಾಗಿ ಒಪ್ಪುತ್ತದೆ. ಮನೆಯಂಗಳದ ಕೆಲವೇ ಸೆಂಟ್ಸ್ ಜಾಗದಲ್ಲಿ ಎಣಿಸಿದಷ್ಟು ಗಿಡ, ಪ್ರತಿ ಗಿಡವೂ ಕೈಯಾರೆ ನೋಡಿಕೊಂಡದ್ದು, ಅಟ್ಟೆಯ ಲೆಕ್ಕದಲ್ಲಿ ಹೂವಿಗೆ ಬೆಲೆ. ಗಿಡಕ್ಕೆ ಅರ್ಧದಿಂದ ಒಂದು ಕಿಲೋ ತುಂಬಿದ ಇದ್ದಲನ್ನು ಬುಡದಿಂದ ಒಂದು ಅಡಿ ದೂರದಲ್ಲಿ ಉಂಗುರದಂತೆ ಕೆರೆದು ಬೆರೆಸಿ ಮುಚ್ಚಿ. ಪ್ರತಿ ವರ್ಷ ಹಾಕಬೇಕಾಗಿಲ್ಲ. ಹಾಕಿದ್ದು ವರ್ಷಾನುಗಟ್ಟಲೆ ಅಲ್ಲಿಯೇ ಇರುತ್ತದೆ.

ಗದ್ದೆಯವರು ಬೇಸರಿಸಬಾರದು, ಅವರಿಗೆ ಕುಚ್ಚಲಕ್ಕಿ ಗಿರಣಿ ಇದೆ. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಉಮಿ. ಭತ್ತ ಬೇಯಿಸಲು ಅದನ್ನೇ ಉರಿಸುತ್ತಾರೆ. ಅಲ್ಲಿ ಉಳಿಯುವುದು ಕಪ್ಪಾಗಿದ್ದರೆ ಅದರಲ್ಲಿ ಇಂಗಾಲ ಉಳಿದಿದೆ, ಬೂದು ಬಣ್ಣವಾಗಿದ್ದರೆ ಬರೀ ಬೂದಿ. ಹಿಂದಿನವರು ಹಲ್ಲುಜ್ಜುತ್ತಿದ್ದ ಉಮಿಯ ಮಸಿ ನೆನಪಿರಲಿ, ಆ ಕಪ್ಪು ಇರಬೇಕು. ಉಮಿಬೂದಿಯ ಹೆಚ್ಚಿನ ಅಂಶ ಸಿಲಿಕಾ. ಭತ್ತದ ಗಿಡ ಇದನ್ನು ಧಾರಾಳವಾಗಿ ಹೀರಿ ಕಾಂಡ, ಎಲೆಗಳನ್ನು ಗಟ್ಟಿ ಮಾಡಿಕೊಳ್ಳುತ್ತದೆ, ಬೆಂಕಿರೋಗ ತಡೆದುಕೊಳ್ಳಲು ಅದರಿಂದ ಸಹಾಯ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಭತ್ತಕ್ಕೆ ಸಿಲಿಕಾನ್ ಕೊಡುವ ಬಗ್ಗೆ ಬಹಳ ವರ್ಷ ಕೆಲಸ ನಡೆದಿದೆ. ಗಿರಣಿಯಿಂದ ಗಾಡಿ ಬಾಡಿಗೆಯಷ್ಟಕ್ಕೆ ಸಿಗುವುದಾದರೆ ನೇಜಿಯ ಮಡಿಗೆ ಚದರ ಮೀಟರಿಗೆ ಅರ್ಧ ಕಿಲೋದಂತೆ ಹಾಕಿ ನೋಡಬಹುದು. ಯೆಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಮಾತ್ರ ಕಲ್ಲಿದ್ದಲಿನದು, ಅದು ಬೇರೆಯೇ ವಸ್ತು. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಸುಣ್ಣದ ಬದಲು ಇದ್ದಲು ಸಾಕೇ ಎಂದು ಕೇಳುವವರಿದ್ದಾರೆ. ಸಾಲದು. ಇದ್ದಲು ಹುಳಿಯನ್ನು ಸ್ವಲ್ಪ ತಗ್ಗಿಸುತ್ತದೆ ನಿಜ, ಆದರೆ ನಾವು ಹಾಕುವ ಪ್ರಮಾಣದಲ್ಲಿ ಅದು ಸುಣ್ಣದ ಕೆಲಸ ಮಾಡಲಾರದು. ಮಣ್ಣು ಪರೀಕ್ಷೆಯವರು ಹೇಳಿದ ಸುಣ್ಣ ಹಾಕಲೇಬೇಕು. ರಸಸಾರ ಆರೂವರೆ ದಾಟಿದ ಮಣ್ಣಿಗೆ ಇದ್ದಲಿನ ಅವಸರವೇ ಇಲ್ಲ.

ಪರಿಸರದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಗೆಲ್ಲು ಕೊಳೆತರೂ ಉರಿದರೂ ಅದರ ಇಂಗಾಲ ಗಾಳಿಗೆ ಹಿಂತಿರುಗುತ್ತದೆ. ಇದ್ದಲಾದರೆ ಅದರ ಬಹುಭಾಗ ನೂರು ವರ್ಷದ ಅನಂತರವೂ ಮಣ್ಣಿನಲ್ಲಿಯೇ ಇರುತ್ತದೆ. ಶೇಕಡಾ 70ರಷ್ಟು ಇಂಗಾಲ ಇರುವ ಒಂದು ಕಿಲೋ ಇದ್ದಲು ಹೂತರೆ ಸುಮಾರು ಎರಡೂವರೆ ಕಿಲೋ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಹೊರಗೆ ಇಟ್ಟಂತೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯು 2018ರ ತನ್ನ ವರದಿಯಲ್ಲಿ ಗಾಳಿಯಿಂದ ಇಂಗಾಲ ತೆಗೆಯುವ ದಾರಿಗಳಲ್ಲಿ ಇದನ್ನೂ ಸೇರಿಸಿದೆ. ಇದರಿಂದ ಇಂಗಾಲದ ಲೆಕ್ಕದಲ್ಲಿ ಹಣ ಕೊಡುತ್ತೇವೆಂದು ಹೇಳುವವರು ನಿಮ್ಮಲ್ಲಿಗೂ ಬಂದಾರು. ಬರಲಿ. ಆದರೆ ಎಷ್ಟು ವರ್ಷದ ಕರಾರು, ತೂಕ ಮಾಡುವವರು ಯಾರು, ನಿಮ್ಮ ಪಾಲು ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು ಕೊಡುವಂತೆ ಕೇಳದೆ ರುಜು ಹಾಕಬೇಡಿ. ಅರ್ಧ ಎಕರೆ ತೋಟದವರಿಗೆ ಒಬ್ಬೊಬ್ಬರಾಗಿ ಇದರಿಂದ ಹೇಳಿಕೊಳ್ಳುವ ಆದಾಯ ಬರಲಾರದು.

ಕಟ್ಟಿಗೆಯನ್ನು ಅರೆಬರೆ ಉರಿಸಿ ಅದರ ಅನಿಲದಿಂದ ಎಂಜಿನ್ ಓಡಿಸುವ ತಂತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಬೆಳೆಸಿದರು. ತುಮಕೂರು ಜಿಲ್ಲೆಯ ಹೊಸಹಳ್ಳಿಗೆ 1980ರ ದಶಕದ ಕೊನೆಯಲ್ಲಿ ಇದರಿಂದಲೇ ದೀಪ ಬಂತು. ಅಂತಹ ಯಂತ್ರಗಳಲ್ಲಿಯೂ ಇದ್ದಲು ಉಪ ಉತ್ಪನ್ನವಾಗಿ ಉಳಿಯುತ್ತದೆ. ಸಹಕಾರಿ ಸಂಘಗಳು ಯೋಚಿಸಬಹುದಾದ ವಿಷಯ ಇದು, ಒಬ್ಬ ರೈತನ ಕೆಲಸವಲ್ಲ.

ಕೊನೆಯದಾಗಿ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಈ ಡಿಸೆಂಬರಿನಲ್ಲಿ ಒಂದೇ ಗುಂಡಿ ಇದ್ದಲು ಮಾಡಿ. ಹತ್ತು ಮಲ್ಲಿಗೆ ಗಿಡ ಅಥವಾ ಹತ್ತು ಅಡಿಕೆ ಸಸಿ ಆರಿಸಿ, ಐದಕ್ಕೆ ಗೊಬ್ಬರದ ಜೊತೆ ಇದ್ದಲು, ಉಳಿದ ಐದಕ್ಕೆ ಅಷ್ಟೇ ಗೊಬ್ಬರ ಮಾತ್ರ ಹಾಕಿ, ಗೂಟ ಹೊಡೆದು ಗುರುತು ಮಾಡಿ. ಹಾಕುವ ಮೊದಲು ಎರಡೂ ಕಡೆಯ ಮಣ್ಣನ್ನು ಅರ್ಧರ್ಧ ಕಿಲೋ ನೆರಳಿನಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಟ್ಟಿ, ಹೆಸರು, ಸರ್ವೆ ನಂಬರು ಬರೆದ ಚೀಟಿ ಒಳಗಿಟ್ಟು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಹೂವಿನ ಅಥವಾ ಬೆಳವಣಿಗೆಯ ಲೆಕ್ಕವನ್ನು ಮನೆಯ ಮಕ್ಕಳ ಕೈಯಲ್ಲಿ ಒಂದು ಪುಸ್ತಕದಲ್ಲಿ ಬರೆಯಿಸಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಆ ಪುಸ್ತಕ ತನ್ನಿ, ಆಗ ಇಲ್ಲಿಯೇ ಕುಳಿತು ಗುಂಡಿಗೆ ಎಷ್ಟು ಕಿಲೋ ಎಂಬುದನ್ನು ನಿಮ್ಮ ಅಂಕಿಗಳಿಂದಲೇ ತಿದ್ದೋಣ.